ಮೊಳೆ ಜೋಡಿಸುವವನ ಓಟು

ಮೂರನೆಯ ಸಲ ಗೆದ್ದಾಗ
ಎಲಿಯಾಸಣ್ಣ ಆ ಹೆಸರನ್ನು ಬಿಚ್ಚಲಿಲ್ಲ.
ನೂಲು ಸುತ್ತಿ, ಬೆಂಕಿಪೊಟ್ಟಣದಲ್ಲಿ ಮಲಗಿಸಿ
ಕೇಸಿನ ಮೂಲೆಗೆ ತಳ್ಳಿದರು.
"ಇರಲಿ ಮಾರ್ತಾ, ಈ ಜನ ಪುನಃ ಬರ್ತದೆ."

ನಾನು ಹಾಳೆ ಮಡಚುವವಳು.
ಕೊಡಿಯಾಲ್‌ಬೈಲಿನ ನಮ್ಮ ಪ್ರೆಸ್ಸಿಗೆ
ಅಮೆರಿಕ ಬರುತ್ತಿದ್ದದ್ದು ಮದರಾಸಿನ ರೈಲಿನಲ್ಲಿ,
ಒಂದೆರಡು ದಿನ ಹಳಸಿ,
ಬಾಳಿಗ ಮಾಸ್ತರರ ಕನ್ನಡದಲ್ಲಿ.

ಸಲೀಸಿನ ಹೆಸರಲ್ಲ.
ರ-ಕ್ಕೆ ದೀರ್ಘ. ಸ-ಕ್ಕೆ ಎತ್ವ, ಅದರ ಕಾಲಡಿ ವ-ದ ಒತ್ತು.
ಆಮೇಲೆ ಲ, ಅದಕ್ಕೆ ಜೋತುಬಿದ್ದ ಟ-ದ ಒತ್ತು.
ತಲೆಬರಹದ ದಪ್ಪ ಮೊಳೆಯಲ್ಲಿ
ಟ-ದ ಒತ್ತು ಇದ್ದದ್ದೇ ಎರಡು,
ಒಂದರ ಬಾಲ ಮುರಿದಿತ್ತು.
ಸರಿಯಿದ್ದದ್ದು ಬೆಂಕಿಪೊಟ್ಟಣ ಸೇರಿತಲ್ಲ,
ಆ ನಾಲ್ಕು ವರ್ಷ ನಮ್ಮ ಊರಿನ ಹೊಟ್ಟೆ, ಬಟ್ಟೆ, ರಟ್ಟೆ
ಎಲ್ಲವೂ ಬಾಲ ಮುರಿದೇ ಅಚ್ಚಾದವು.

ಮೊದಲ ಸಲ ಆತ ಗೆದ್ದ ವರ್ಷ
ಜೆಪ್ಪುವಿನಲ್ಲಿ ಹಂಚಿನ ಚಿಮಣಿಯೊಂದು ಉಸಿರು ಬಿಡಲಿಲ್ಲ,
ನನ್ನ ಅಪ್ಪ ಮಧ್ಯಾಹ್ನವೇ ಮನೆಗೆ ಬಂದು
ಜಗಲಿಯಲ್ಲಿ ಚಪ್ಪಲಿ ಬಿಡಲು ಮರೆತು ನಿಂತರು.
ಎರಡನೆಯ ಸಲ ನಲವತ್ತೆಂಟರಲ್ಲಿ ನಲವತ್ತಾರು.
"ಮತ್ತೆರಡು ಯಾವುದು ಮಾಸ್ತರೇ?"
"ಯಾಕೆ? ಜಾಗ ಇಲ್ಲ."
"ಎಲ್ಲರೂ ಹೂಂ ಅನ್ನುವಾಗ ಊಹೂಂ ಅಂದವರು,
ಸಣ್ಣ ಮೊಳೆಯಲ್ಲಾದರೂ ಇರಲಿ."
ಮೇನ್, ವರ್ಮಾಂಟ್.
ಹರಳೆಣ್ಣೆ ಜಾಹೀರಾತಿನ ಮೇಲೆ ಇಷ್ಟಗಲ ಕೂತವು.

ನಾಲ್ಕನೆಯ ಸಲಕ್ಕೆ ಯುದ್ಧ, ಕಾಗದಕ್ಕೆ ರೇಷನ್,
ಗೆಲುವಿಗೆ ಸಿಕ್ಕಿದ್ದು ಎರಡಂಗುಲ.
ಪೊಟ್ಟಣ ತೆರೆದು ಹೆಸರು ಕೂರಿಸುತ್ತ ಅಂದರು,
"ಕುಡೊರ ಇಂಬೆನೇ?"
ಇನ್ನೊಮ್ಮೆ ಇವನೇ ಅಂತ, ಬೈಗುಳವೂ ಅಲ್ಲ,
ತಿಂಗಳ ಕೊನೆಗೆ ಬರುವ ಸಾಲದಂಗಡಿಯವನನ್ನು ಕಂಡ ಹಾಗೆ.

ಮತ್ತೆ ಐದು ತಿಂಗಳು. ಏಪ್ರಿಲ್, ಉರಿಸೆಕೆ.
ಅದೇ ಪೊಟ್ಟಣ, ಅದೇ ನೂಲು.
ಪಕ್ಕದಲ್ಲಿ ಹೊಸದಾಗಿ ಜೋಡಿಸಿದ್ದು ಮೂರೇ ಅಕ್ಷರ: ನಿಧನ.
ಮಾಸ್ತರರು ಓದಿ ಹೇಳುತ್ತಿದ್ದರು:
ಮೂವತ್ತೊಂಬತ್ತನೆಯ ವಯಸ್ಸಿನಿಂದ ಕಾಲಿಗೆ ಬಲವಿಲ್ಲ,
ಉಕ್ಕಿನ ಪಟ್ಟಿ ಕಟ್ಟಿ, ಮಗನ ತೋಳು ಹಿಡಿದು...
ನಮಗೆ ಬರುತ್ತಿದ್ದ ಬ್ಲಾಕಿನಲ್ಲಿ
ಆ ಮನುಷ್ಯ ಯಾವಾಗಲೂ ಎದೆಯಿಂದ ಮೇಲೆ.

ಎಲಿಯಾಸಣ್ಣನ ಕೈ ನಿಂತಿತು.
"ನಾಲ್ಕು ಸಲವೂ ನಾನು
ಚುನಾವಣೆಗೆ ನಿಂತರು ಅಂತಲೇ ಜೋಡಿಸಿದ್ದೆ."

ದಿನಕ್ಕೆ ಹನ್ನೊಂದು ತಾಸು ಕೇಸಿನೆದುರು ನಿಲ್ಲುವ ಮನುಷ್ಯ,
ಮೀನಖಂಡದಲ್ಲಿ ಬಸಳೆಬಳ್ಳಿಯಂಥ ನರ.
ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ
ನನ್ನ ಸ್ಟೂಲು ಎಳೆದುಕೊಂಡು ಕೂತರು.
ಕೂತೇ ಹೆಸರು ಬಿಚ್ಚಿದರು.
ರ ರ-ದ ಮನೆಗೆ. ಲ ಲ-ದ ಮನೆಗೆ.
ಮರುವಾರ ಆ ಲ
ಬೋಳೂರಿನಲ್ಲಿ ಸೀಮೆಎಣ್ಣೆ ಇಲ್ಲ
ಎಂಬುದರ ನಡುವೆ ಎಲ್ಲೋ ಇತ್ತು.
ಯಾವುದೆಂದು ಗೊತ್ತಾಗಲಿಲ್ಲ ನನಗೆ.

ಐವತ್ತೆರಡರ ಜನವರಿಯಲ್ಲಿ ನಮ್ಮ ಸರದಿ.
ಜೆಪ್ಪುವಿನ ಶಾಲೆ, ಗಂಡಸರದ್ದೊಂದು ಸಾಲು, ನಮ್ಮದೊಂದು.
ಅಷ್ಟು ಜನರ ಗೆಲುವು ಜೋಡಿಸಿದವರ ಹೆಸರು
ಪಟ್ಟಿಯಲ್ಲಿ ಅದೇ ಮೊದಲು: ಎಲಿಯಾಸ್ ಕರ್ಕಡ, ಐವತ್ತೆಂಟು.
ಬೆರಳು ಹಿಡಿದ ಹುಡುಗ ಅಧಿಕಾರಿ ಹುಬ್ಬು ಗಂಟಿಕ್ಕಿದ:
"ಆಗಲೇ ಹಾಕಿ ಆಗಿದೆಯಲ್ಲ?"
ಹತ್ತೂ ಬೆರಳು ಕಪ್ಪು.
"ಇದು ಪ್ರೆಸ್ಸಿನದು ಮಗಾ.
ನಿಮ್ಮದು ಹಾಕಿ."

ಶಾಯಿಯ ಮೇಲೆ ಶಾಯಿ, ಏನೂ ಕಾಣಲಿಲ್ಲ.
ಹುಡುಗ ಕಡ್ಡಿ ಅದ್ದಿ ಇನ್ನೊಮ್ಮೆ ಎಳೆದ.
ಪೆಟ್ಟಿಗೆಯ ಕೋಣೆಯಲ್ಲಿ ಅವರು ತುಂಬ ಹೊತ್ತು ಇದ್ದರು,
ಹಿಂದಿನವರು ಗೊಣಗಿದರು.
ಹೊರಗೆ ಬಂದವರನ್ನು ಕೇಳಿದೆ, ಏನಾಯಿತು?

"ಏನಿಲ್ಲ. ಚೀಟಿಯ ಅಚ್ಚು ನೋಡುತ್ತಿದ್ದೆ.
ಒಳ್ಳೆ ಕೆಲಸ.
ಒಂದು ಮೂಲೆಯಲ್ಲಿ ಸ್ವಲ್ಪ ಎದ್ದಿದೆ."